ಬೋರ್ಡು ನೋಡಿ ಒಳಗೆ ಹೋಗುವ ಮುನ್ನ

ನಮ್ಮ ಪೂರಿಗಾಲಿಯ ಕಡೆ ಭತ್ತ, ಕಬ್ಬಿನ ಗದ್ದೆಗಳಿಗೆ ರಾತ್ರಿ ಹೊತ್ತು ನೀರು ಕಟ್ಟಲು ಹೋಗುವುದು ಹೊಸದೇನಲ್ಲ. ಕರೆಂಟು ಬಂದಾಗ ಪಂಪು ಓಡಬೇಕು, ಪಂಪು ಓಡುವಾಗ ರೈತ ಗದ್ದೆಯಲ್ಲಿರಬೇಕು. ಕೆಲವು ವರ್ಷಗಳ ಹಿಂದೆ ಹೀಗೆ ಅಪ್ಪನ ಜೊತೆ ಬ್ಯಾಟರಿ ಹಿಡಿದು ಹೊರಟಿದ್ದ ನನ್ನ ಒಂಬತ್ತನೇ ತರಗತಿಯ ವಿದ್ಯಾರ್ಥಿಯೊಬ್ಬನಿಗೆ ಬದುವಿನ ಮೇಲೆ ಕೊಳಕುಮಂಡಲ ಕಚ್ಚಿತು. ಆಗ ರಾತ್ರಿ ಎಂಟು ಗಂಟೆ. ಅವನ ಮೈಗೆ ಹಾವಿನ ವಿಷಕ್ಕೆ ಪ್ರತಿಯಾದ ಮದ್ದು ಸೇರಿದಾಗ ಹನ್ನೊಂದು ದಾಟಿತ್ತು.

ನಡುವಿನ ಮೂರು ಗಂಟೆ ಎಲ್ಲಿ ಹೋಯಿತು? ಕಾಲಿಗೆ ಹಗ್ಗ ಬಿಗಿಯುವುದರಲ್ಲಿ ಸ್ವಲ್ಪ, ಮಂತ್ರ ಹಾಕುವವರ ಮನೆ ಬಾಗಿಲಲ್ಲಿ ಸ್ವಲ್ಪ. ಆದರೆ ಹೆಚ್ಚು ಹೊತ್ತು ಕಳೆದದ್ದು ಪಟ್ಟಣವೊಂದರ ಖಾಸಗಿ ಚಿಕಿತ್ಸಾಲಯದಲ್ಲಿ. ಹೊರಗೆ ಕೆಂಪು ದೀಪದ ಅಕ್ಷರಗಳಲ್ಲಿ ‘24 ಗಂಟೆ ಎಮರ್ಜೆನ್ಸಿ’ ಎಂದಿತ್ತು. ಒಳಗೆ ಒಬ್ಬ ನರ್ಸಮ್ಮ, ಒಂದು ಗ್ಲೂಕೋಸ್ ಬಾಟಲಿ. ಡಾಕ್ಟರು ಫೋನಿನಲ್ಲಿ. ಮುಕ್ಕಾಲು ಗಂಟೆ ಮಲಗಿಸಿಕೊಂಡು, ಕೊನೆಗೆ “ಇದಕ್ಕೆ ಔಷಧಿ ನಮ್ಮಲ್ಲಿಲ್ಲ, ದೊಡ್ಡಾಸ್ಪತ್ರೆಗೆ ಕರ್ಕೊಂಡೋಗಿ” ಎಂದರು. ಮರುದಿನ ಹುಡುಗನ ತಂದೆ ನನ್ನ ಮುಂದೆ ತಲೆಯ ಮೇಲೆ ಕೈಹೊತ್ತು ಕುಳಿತು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಎಮರ್ಜೆನ್ಸಿ ಅಂತ ಬೋರ್ಡ್ ಹಾಕವ್ರಲ್ಲ ಮೇಷ್ಟ್ರೇ, ಅದ್ಕೇ ಒಳಕ್ಕೆ ಹೋದೋ.”

ಬೋರ್ಡು ನಂಬಿದ್ದು ಅವರ ತಪ್ಪೆಂದು ನಾನು ಹೇಳಲಾರೆ. ಆ ಪದಕ್ಕೆ ಏನರ್ಥ ಎಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಈ ಗೊಂದಲ ನಮ್ಮೊಬ್ಬರದೇ ಅಲ್ಲ. ಅಮೆರಿಕದಲ್ಲಿ ಆಸ್ಪತ್ರೆಯ ಕಟ್ಟಡದಿಂದ ಬೇರೆಯಾಗಿ, ಅಂಗಡಿ ಸಾಲುಗಳ ನಡುವೆಯೇ ತುರ್ತು ಚಿಕಿತ್ಸಾ ಕೇಂದ್ರಗಳು ತಲೆಯೆತ್ತಿವೆ. ಟೆಕ್ಸಾಸ್ ರಾಜ್ಯ 2009ರಲ್ಲಿ ಇವುಗಳಿಗೆ ಪ್ರತ್ಯೇಕ ಪರವಾನಗಿ ಕೊಡುವ ಕಾನೂನು ಮಾಡಿದ ಮೇಲೆ ಅಲ್ಲಿ ಅವುಗಳ ಸಂಖ್ಯೆ ಬಹಳ ಏರಿತು. ಅಲ್ಲಿ ಹಗಲಿರುಳೂ ವೈದ್ಯರಿರುತ್ತಾರೆ, ರಕ್ತಪರೀಕ್ಷೆ, ಸ್ಕ್ಯಾನಿಂಗ್ ಉಂಟು. ಆದರೆ ಶಸ್ತ್ರಚಿಕಿತ್ಸೆಯಾಗಲಿ, ಒಳರೋಗಿಯಾಗಿ ಸೇರುವುದಾಗಲಿ ಬೇಕಾದರೆ ಬೇರೆ ಆಸ್ಪತ್ರೆಗೇ ಸಾಗಿಸಬೇಕು. ನೆಗಡಿ ಜ್ವರಕ್ಕೆಂದು ಸಾಮಾನ್ಯ ಕ್ಲಿನಿಕ್ ಎಂದುಕೊಂಡು ಒಳಹೊಕ್ಕವರು ದೊಡ್ಡಾಸ್ಪತ್ರೆಯ ತುರ್ತು ವಿಭಾಗದ ಬಿಲ್ಲು ನೋಡಿ ಬೆಚ್ಚಿದ್ದೂ ಉಂಟು. ಅಲ್ಲಿ ಸಣ್ಣ ಕಾಯಿಲೆಗೆ ದೊಡ್ಡ ಬಾಗಿಲು ತಟ್ಟಿದರು, ಇಲ್ಲಿ ನಾವು ದೊಡ್ಡ ಅಪಾಯಕ್ಕೆ ಸಣ್ಣ ಬಾಗಿಲು ತಟ್ಟಿದೆವು.

ಈಗ ಹಾವಿನ ವಿಷಯಕ್ಕೇ ಬರೋಣ. ವಿದ್ಯಾರ್ಥಿಗಳಿಗೆ ಇದರಲ್ಲಿ ಒಳ್ಳೆಯ ಲೆಕ್ಕವೊಂದಿದೆ. ನಮ್ಮ ದೇಶದಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಒಂದೇ. ಕುದುರೆಗೆ ಅಲ್ಪಸ್ವಲ್ಪವಾಗಿ ವಿಷ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳಿಂದ ಇದನ್ನು ತಯಾರಿಸುತ್ತಾರೆ. ಒಂದು ಮಿಲಿಲೀಟರ್ ಔಷಧಿ ಕೊಳಕುಮಂಡಲದ 0.6 ಮಿಲಿಗ್ರಾಂ ವಿಷವನ್ನು ನಿಷ್ಕ್ರಿಯಗೊಳಿಸುತ್ತದೆ. ಹಾಗಾದರೆ 10 ಮಿಲಿಲೀಟರಿನ ಒಂದು ಸೀಸೆಗೆ 6 ಮಿಲಿಗ್ರಾಂ. ಈ ಹಾವು ಒಮ್ಮೆ ಕಚ್ಚಿದರೆ ಸರಾಸರಿ 60 ಮಿಲಿಗ್ರಾಂ ಆಸುಪಾಸು ವಿಷ ಇಳಿಸುತ್ತದೆ. ಎಷ್ಟು ಸೀಸೆ ಬೇಕು? ಹತ್ತು. ಮಗುವಾದರೆ ಕಡಿಮೆ ಸಾಕೇ ಎಂದು ಕೇಳಿದರೆ ತರಗತಿಯ ಅರ್ಧ ಮಕ್ಕಳು ‘ಹೌದು’ ಎನ್ನುತ್ತಾರೆ. ತಪ್ಪು. ಮಗುವೆಂದು ಹಾವು ವಿಷ ಕಡಿಮೆ ಬಿಡುವುದಿಲ್ಲ. ಔಷಧಿಯ ಅಳತೆ ರೋಗಿಯ ತೂಕದ್ದಲ್ಲ, ವಿಷದ್ದು.

ಆದ್ದರಿಂದ ಹಾವು ಕಚ್ಚಿದಾಗ ಕೇಳಬೇಕಾದದ್ದು “ಎಮರ್ಜೆನ್ಸಿ ಇದೆಯೇ” ಎಂದಲ್ಲ, “ಹಾವಿನ ಮದ್ದು ಇದೆಯೇ, ಈಗ ಡಾಕ್ಟರಿದ್ದಾರೆಯೇ” ಎಂದು. ಇನ್ನೊಂದು ಸರಳ ಪರೀಕ್ಷೆಯಿದೆ. ನಮ್ಮ ಪ್ರಯೋಗಾಲಯದಲ್ಲಿರುವಂಥದೇ ಶುಭ್ರವಾದ, ಒಣಗಿದ ಗಾಜಿನ ಪ್ರನಾಳದಲ್ಲಿ ರೋಗಿಯ ಸ್ವಲ್ಪ ರಕ್ತ ಹಾಕಿ ಇಪ್ಪತ್ತು ನಿಮಿಷ ಅಲುಗಿಸದೆ ಇಡುತ್ತಾರೆ. ಬಳಿಕ ಓರೆ ಮಾಡಿದಾಗ ರಕ್ತ ಹೆಪ್ಪುಗಟ್ಟದೆ ಹರಿದರೆ ಮಂಡಲದ ವಿಷ ಕೆಲಸ ಶುರುಮಾಡಿದೆ ಎಂದರ್ಥ. ಕೋಟಿಗಟ್ಟಲೆ ಬೆಲೆಯ ಯಂತ್ರ ಬೇಕಿಲ್ಲ. ಆದರೆ ಮಾಡುವವರು ಅಲ್ಲಿರಬೇಕಲ್ಲ!

ಕಟ್ಟುವುದು, ಕುಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗದಂತೆ ಹಲಗೆಯಾಸರೆ ಕೊಟ್ಟು ಹೊರಡಬೇಕು. ಆಂಬುಲೆನ್ಸ್ ತಡವಾಗುತ್ತದೆಂದರೆ ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೋಗುವುದೂ ಸರಿಯೇ. ದೇಶದಲ್ಲಿ ವರ್ಷಕ್ಕೆ ಸುಮಾರು 58,000 ಮಂದಿ ಹಾವು ಕಚ್ಚಿ ಸಾಯುತ್ತಿದ್ದಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು. ಎಲ್ಲಿ ಎಷ್ಟು ಮದ್ದು ಬೇಕೆಂಬ ಲೆಕ್ಕ ಇನ್ನಾದರೂ ಸಿಗಬೇಕು.

ಎದೆನೋವಿನ ದಾರಿ ಬೇರೆ. ಎದೆಯ ನಡುವೆ ಹಿಂಡಿದಂತೆ ನೋವು, ಎಡಗೈಗೋ ದವಡೆಗೋ ಹರಡುವುದು, ಜೊತೆಗೆ ತಣ್ಣನೆಯ ಬೆವರು ಕಂಡರೆ “ಗ್ಯಾಸು” ಎಂದು ಸೋಡಾ ಕುಡಿಸಿ ಮಲಗಿಸಬೇಡಿ. ಹೃದಯದ ರಕ್ತನಾಳ ಮುಚ್ಚಿಕೊಂಡಿದ್ದರೆ ಪ್ರತಿ ನಿಮಿಷಕ್ಕೂ ಸ್ನಾಯು ಸಾಯುತ್ತಿರುತ್ತದೆ. ಸತ್ತದ್ದು ಮತ್ತೆ ಬೆಳೆಯುವುದಿಲ್ಲ. ಇಲ್ಲಿ ಮೊದಲು ಬೇಕಾದದ್ದು ಇಸಿಜಿ. 2023ರಲ್ಲಿ ಆರಂಭವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ದೊಡ್ಡ ಕೇಂದ್ರದ ತಜ್ಞರು ದೂರದಿಂದಲೇ ನೋಡಿ ಹೇಳುತ್ತಾರೆ. ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಟ್ಟು, ಮುಂದಿನ ಚಿಕಿತ್ಸೆಗೆ ಕಳಿಸುತ್ತಾರೆ. ಮಳವಳ್ಳಿಯಿಂದ ಮೈಸೂರಿಗೆ ಒಂದು ಗಂಟೆಗೂ ಮೀರಿದ ಹಾದಿ. ಚುಚ್ಚುಮದ್ದು ಹತ್ತಿರದಲ್ಲೇ ಸಿಕ್ಕಿದರೆ ಆ ಗಂಟೆ ಉಳಿಯಿತು. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯೇ ಎಂದು ಎದೆನೋವು ಬರುವ ಮೊದಲೇ ವಿಚಾರಿಸಿಟ್ಟುಕೊಳ್ಳಿ.

ಲಕ್ವಕ್ಕೆ ಮಾತ್ರ ಹತ್ತಿರದ ಆಸ್ಪತ್ರೆಯೇ ಸರಿಯೆನ್ನಲಾಗದು. ಬಾಯಿ ಒಂದು ಕಡೆ ಸೊಟ್ಟಗಾಗಿ, ಕೈ ಬಿದ್ದು, ಮಾತು ತೊದಲಿದರೆ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆಯೋ ಸೋರಿದೆಯೋ ಎಂದು ಸಿಟಿ ಸ್ಕ್ಯಾನ್ ಮಾಡದೆ ತಿಳಿಯದು. ಸೋರಿಕೆಗೆ ಹೆಪ್ಪು ಕರಗಿಸುವ ಮದ್ದು ಕೊಟ್ಟರೆ ಪ್ರಾಣಕ್ಕೇ ಅಪಾಯ. ಆ ಮದ್ದು ಕೊಡಲು ಸಾಮಾನ್ಯವಾಗಿ ಇರುವ ಅವಧಿ ನಾಲ್ಕೂವರೆ ಗಂಟೆ. ಆದ್ದರಿಂದ ಸ್ಕ್ಯಾನ್ ಇರುವಲ್ಲಿಗೇ ನೇರವಾಗಿ ಹೋಗಬೇಕು. ನಮ್ಮ ಜಿಲ್ಲೆಯವರಿಗೆ ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆ ಇದೆ, ಆಚೆಗೆ ಮೈಸೂರಿದೆ. ಎಷ್ಟು ಗಂಟೆಗೆ ಶುರುವಾಯಿತೆಂದು ಗಡಿಯಾರ ನೋಡಿ ಬರೆದುಕೊಳ್ಳಿ, ವೈದ್ಯರು ಕೇಳುವ ಮೊದಲ ಪ್ರಶ್ನೆ ಅದೇ.

ಗದ್ದೆಗೆ ಹೊಡೆಯುವ ಕೀಟನಾಶಕ ಕುಡಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಬೇಡ. ಅದು ಶ್ವಾಸಕೋಶಕ್ಕೆ ಇಳಿಯಬಹುದು. ಔಷಧಿ ಡಬ್ಬವನ್ನು ಜೊತೆಗೆ ಒಯ್ಯಿರಿ, ಅದರ ಚೀಟಿಯಲ್ಲಿರುವ ಹೆಸರಿನ ಮೇಲೆ ಚಿಕಿತ್ಸೆ ನಿಂತಿರುತ್ತದೆ. ಇನ್ನು ಜ್ವರ, ಸಣ್ಣ ಗಾಯ, ಭೇದಿ ಇವಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರವೇ ಸಾಕು. ಮಗು ತೂಗಿದಂತೆ ಮಂಕಾಗಿದ್ದರೆ, ಹಾಲು ಬಿಟ್ಟಿದ್ದರೆ ಮಾತ್ರ ಕಾಯಬಾರದು.

108 ವಾಹನ ನಮ್ಮ ರಾಜ್ಯದಲ್ಲಿ ಓಡಲು ಶುರುವಾದದ್ದು 2008ರ ನವೆಂಬರ್ 1ರಂದು. ಅದನ್ನು ಬರಿಯ ಬಾಡಿಗೆಯಿಲ್ಲದ ಕಾರೆಂದು ತಿಳಿದವರೇ ಹೆಚ್ಚು. ಅದರಲ್ಲಿ ಆಮ್ಲಜನಕವಿದೆ, ತರಬೇತಾದ ಸಿಬ್ಬಂದಿ ಇರುತ್ತಾರೆ, ಎಲ್ಲಿಗೆ ಒಯ್ಯಬೇಕೆಂಬ ತಿಳಿವಳಿಕೆಯೂ ಅವರಿಗಿರುತ್ತದೆ. ಕರೆ ಮಾಡುವಾಗ ಗಾಬರಿಯಲ್ಲಿ “ಬೇಗ ಬನ್ನಿ” ಎಂದಷ್ಟೇ ಕೂಗದೆ ಊರು, ಗುರುತು, ಏನಾಗಿದೆ ಎಂಬುದನ್ನು ಹೇಳುವುದನ್ನು ಮಕ್ಕಳಿಗೂ ಅಭ್ಯಾಸ ಮಾಡಿಸಬೇಕು. ರಸ್ತೆ ಅಪಘಾತದಲ್ಲಿ ಬಿದ್ದವರನ್ನು ಮುಟ್ಟಲು ಪೊಲೀಸ್ ಕೇಸಿಗೆ ಹೆದರುವವರುಂಟು. ಜೀವ ಉಳಿಸುವುದು ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ಪ್ರತಿ ವೈದ್ಯನ ಕರ್ತವ್ಯ, ಪೊಲೀಸ್ ವಿಧಿವಿಧಾನಕ್ಕೆ ಕಾಯಬಾರದೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ನೆರವಾದವರಿಗೆ ತೊಂದರೆ ಕೊಡಬಾರದೆಂಬುದು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲೂ ಸೇರಿದೆ.

ಆ ಹುಡುಗ ಬದುಕಿದ. ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ್ದರಿಂದ ಮೈಸೂರಿನಲ್ಲಿ ಎರಡು ವಾರ ಡಯಾಲಿಸಿಸ್ ಆಯಿತು, ಅಪ್ಪ ಎರಡು ಹಸು ಮಾರಿದರು. ಶಾಲೆಗೆ ಮರಳಿದ ಮೇಲೆ ಅವನೇ ಮೂವರು ಗೆಳೆಯರನ್ನು ಕಟ್ಟಿಕೊಂಡು ಒಂದು ಪಟ್ಟಿ ಮಾಡಿದ. ಸುತ್ತಮುತ್ತಲ ಆಸ್ಪತ್ರೆ, ನರ್ಸಿಂಗ್ ಹೋಮುಗಳಿಗೆ ಹಗಲು ಹೊತ್ತಿನಲ್ಲಿ ಹೋಗಿ, ರಾತ್ರಿ ಡಾಕ್ಟರು ಇರುತ್ತಾರೆಯೇ, ಹಾವಿನ ಮದ್ದು ಎಷ್ಟು ಸೀಸೆ ಇದೆ, ಇಸಿಜಿ, ಆಮ್ಲಜನಕ ಇದೆಯೇ, ಆಂಬುಲೆನ್ಸ್ ಸ್ವಂತದ್ದೇ ಎಂದು ಕೇಳಿ ಬರೆದರು. ಕೆಲವರು ಗದರಿಸಿ ಕಳಿಸಿದರು, ಹೆಚ್ಚಿನವರು ಕೂರಿಸಿ ತೋರಿಸಿದರು. ವರ್ಷಕ್ಕೆರಡು ಬಾರಿ ಒಂಬತ್ತನೇ ತರಗತಿಯವರು ಆ ಪಟ್ಟಿಯನ್ನು ತಿದ್ದುತ್ತಾರೆ. ಈಗಲೂ ಅದು ನಮ್ಮ ಪ್ರಯೋಗಾಲಯದ ಗೋಡೆಯ ಮೇಲಿದೆ. ಕೆಂಪು ದೀಪದ ಆ ಚಿಕಿತ್ಸಾಲಯದ ಎದುರು, ‘ರಾತ್ರಿ ಡಾಕ್ಟರು’ ಎಂಬ ಮನೆ ಮಾತ್ರ ಇನ್ನೂ ಖಾಲಿಯಿದೆ.