ಸಮುದ್ರಕ್ಕೂ ಬದು ಉಂಟು, ಕಣ್ಣಿಗೆ ಕಾಣುವುದಿಲ್ಲ



ಊರ ಕೆರೆಯ ಮೀನು ಪಾಶುವಾರು ಒಬ್ಬರಿಗೆ ಆಗಿರುವಾಗ ರಾತ್ರಿ ಇನ್ನೊಬ್ಬರು ಬಂದು ಬಲೆ ಬಿಟ್ಟರೆ ಏನಾಗುತ್ತದೆ? ಬೆಳಗಾದರೆ ಪಂಚಾಯಿತಿ ಮುಂದೆ ಜಗಳ. ಸಮುದ್ರದಲ್ಲಿ ಇದೇ ಜಗಳ ದೇಶದೇಶಗಳ ನಡುವೆ ಆಗುತ್ತದೆ. ಆದರೆ ಅಲ್ಲಿ ಸಿಕ್ಕಿಬೀಳುವವರು ಹೆಚ್ಚಾಗಿ ಕೂಲಿಗೆ ಹೋದವರು.

2018ರ ಜುಲೈನಲ್ಲಿ ನಮ್ಮ ರಾಜ್ಯದವರಿಗೇ ಹೀಗಾಯಿತು. ಉತ್ತರ ಕನ್ನಡ ಜಿಲ್ಲೆಯಿಂದ ದುಬೈಗೆ ಹೋಗಿ ಮೀನು ಹಿಡಿಯುವ ಕೆಲಸದಲ್ಲಿದ್ದ 18 ಜನರನ್ನು, ಗಡಿ ದಾಟಿ ಬಂದಿದ್ದೀರಿ ಅಂತ ಇರಾನ್ ದೇಶದವರು ಹಿಡಿದಿಟ್ಟರು. ಬಿಡುಗಡೆ ಆದದ್ದು 2019ರ ಜನವರಿಯಲ್ಲಿ. ಅಷ್ಟು ತಿಂಗಳು ಆ ಮನೆಯ ಹೆಂಗಸರು ಸಂಸಾರ ಹೇಗೆ ತೂಗಿಸಿದರೋ, ನೀವೇ ಯೋಚನೆ ಮಾಡಿ.

ಸಮುದ್ರದ ಗಡಿ ಹೇಗೆ ಅಂದರೆ, ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್, ಆ ದೇಶದ ಸ್ವಂತ ನೀರು. ದಡದಿಂದ 200 ಮೈಲಿವರೆಗೆ, ಅಂದರೆ ಸುಮಾರು 370 ಕಿಲೋಮೀಟರ್, ಹಡಗು ಯಾರದ್ದಾದರೂ ಹೋಗಬಹುದು, ಆದರೆ ಮೀನಿನ ಹಕ್ಕು ಆ ದೇಶದ್ದೇ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ ಹೀಗೆ ಹೇಳುತ್ತದೆ. ನಮ್ಮ ಸರ್ಕಾರವೂ 1981ರ ಕಾಯ್ದೆಯಲ್ಲಿ ಹೊರದೇಶದ ದೋಣಿಗಳನ್ನು ಹಿಡಿಯುತ್ತದೆ, ಬರೀ ಅವರನ್ನೇ ಬೈದು ಪ್ರಯೋಜನವಿಲ್ಲ. ದುಬೈ ಮತ್ತು ಇರಾನ್ ನಡುವಿನ ಕೊಲ್ಲಿಯೋ ಬಹಳ ಕಿರಿದು. ಎರಡೂ ಕಡೆಗೆ 200 ಮೈಲಿ ಹಿಡಿಸುವುದೇ ಇಲ್ಲ. ಹೊಲದ ಬದುವಿನ ಹಾಗೆ ಅಲ್ಲಿ ಕಲ್ಲು ನೆಟ್ಟಿಲ್ಲವಲ್ಲ! ಮೀನಿನ ಹಿಂದೆ ಹೋದ ದೋಣಿ ದಾಟಿದ್ದೇ ತಿಳಿಯುವುದಿಲ್ಲ.

ಅದೇ ಒಪ್ಪಂದದಲ್ಲಿ ಬಡವರಿಗೆ ಅನುಕೂಲವಾದ ಒಂದು ಮಾತಿದೆ. ಆ 12 ಮೈಲಿಯ ಆಚೆ, 200 ಮೈಲಿಯ ಒಳಗೆ ಮೀನು ಹಿಡಿದ ತಪ್ಪಿಗೆ, ದೇಶಗಳು ಬೇರೆ ರೀತಿ ಒಪ್ಪಿಕೊಂಡಿರದಿದ್ದರೆ, ಜೈಲು ಶಿಕ್ಷೆ ಕೊಡಬಾರದು. ಜಾಮೀನು ಪಡೆದು ಬೇಗ ಬಿಡಬೇಕು. ಭಾರತ 1995ರಲ್ಲಿ ಇದನ್ನು ಅಂಗೀಕರಿಸಿತು. ಇರಾನ್ ಸಹಿ ಮಾಡಿದೆ, ಅಂಗೀಕರಿಸಿಲ್ಲ. ನನ್ನ ಅಭಿಪ್ರಾಯದಲ್ಲಿ ದೋಣಿ ಮಾಲೀಕನ ಮೇಲೆ ದಂಡ ಬೀಳಲಿ, ಕೂಲಿಯವನನ್ನು ಯಾಕೆ ಕೂಡಿಹಾಕಬೇಕು?

ನಮ್ಮ ಭೇರ್ಯ ಕಡೆಯಿಂದ ಕಡಲಿಗೆ ಹೋಗುವವರು ಕಡಿಮೆ ಇರಬಹುದು. ಆದರೂ ಮಗ, ಅಳಿಯ ಯಾವುದೇ ಕೆಲಸಕ್ಕೆ ಹೊರದೇಶಕ್ಕೆ ಹೊರಟರೆ ಪಾಸ್‌ಪೋರ್ಟ್, ವೀಸಾ, ಕೆಲಸದ ಕರಾರು ಇವುಗಳ ಜೆರಾಕ್ಸ್ ಮನೆಯಲ್ಲಿರಲಿ. ಮಾಲೀಕನ ಹೆಸರು, ಫೋನ್ ನಂಬರು ಬರೆದಿಡಿ. ದೋಣಿ ಕೆಲಸವಾದರೆ ದೋಣಿಯ ನಂಬರೂ ಬೇಕು. ಅವರು ಸಿಕ್ಕಿಬಿದ್ದರೆ ಭಾರತದ ರಾಯಭಾರ ಕಚೇರಿಗೆ ಬರೆಯುವಾಗ, ಇಲ್ಲವೇ ವಿದೇಶಾಂಗ ಸಚಿವಾಲಯದ ‘ಮದದ್’ನಲ್ಲಿ ದೂರು ಕೊಡುವಾಗ ಇವೇ ಬೇಕಾಗುವುದು. ಅರ್ಜಿಯ ಒಂದು ಪ್ರತಿಯನ್ನು ಜಿಲ್ಲಾಧಿಕಾರಿ ಕಚೇರಿಗೂ ಕೊಟ್ಟು, ಸ್ವೀಕೃತಿ ಮೊಹರು ಹಾಕಿಸಿಕೊಂಡೇ ಬನ್ನಿ.