ಬಾವುಟವೂ ಭೇರುಂಡವೂ ಪೆಟ್ಟಿಗೆಯ ಮೇಲೆ

ತಣಿಸಂದ್ರದ ಅಂಗಡಿಯೊಂದರಲ್ಲಿ ಕಳೆದ ತಿಂಗಳು ಒಂದು ರೇಡಿಯೋ ಪೆಟ್ಟಿಗೆಯನ್ನು ಕಂಡೆನು. ತಮ್ಮ ತಾತಂದಿರ ಕಾಲದ ಮರದ ರೇಡಿಯೋವಿನ ಆಕಾರ. ಒಳಗಿನ ಯಂತ್ರ ಮಾತ್ರ ಈಗಿನದು. ಅದರ ಒಂದು ಮಗ್ಗುಲಿಗೆ ಮೈಸೂರಿನ ಗಂಡಭೇರುಂಡ, ಇನ್ನೊಂದಕ್ಕೆ ಚರಕವುಳ್ಳ ಮೂರು ಬಣ್ಣದ ಬಾವುಟ. ಕೆಳಗೆ ‘೧೯೩೮ರ ಸೊಗಸು’ ಎಂಬ ಬರಹ. ಹಳೆಯ ನೋಟವನ್ನು ಹೊಸ ಸರಕಿಗೆ ತೊಡಿಸುವ ಈ ಪದ್ಧತಿಗೆ ರೆಟ್ರೋ ಎನ್ನುತ್ತಾರೆ. ಅಂದವಾಗಿಯೇ ಇತ್ತು. ಆದರೆ ಆ ಇಸವಿಯನ್ನು ಓದಿದ ಮೇಲೆ ನನ್ನ ಕೈ ಮುಂದಾಗಲಿಲ್ಲ.

ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಈ ಎರಡು ಚಿತ್ರಗಳು ಒಂದೆಡೆ ನಿಲ್ಲುವಂತಿರಲಿಲ್ಲ. ಭೇರುಂಡದ ಬಾವುಟ ಸಂಸ್ಥಾನದ್ದು, ಚರಕದ್ದು ಕಾಂಗ್ರೆಸ್ಸಿನದು. ಎರಡನೆಯದನ್ನು ಹಾರಿಸಕೂಡದೆಂದು ಸರ್ಕಾರದ ನಿಷೇಧ. ಮದ್ದೂರಿನ ಬಳಿಯ ಶಿವಪುರದಲ್ಲಿ ಜನರು ನಿಷೇಧವನ್ನು ಮೀರಿ ಅದನ್ನು ಏರಿಸಿದರು. ಅದೇ ತಿಂಗಳ ೨೫ರಂದು ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ನೆರೆದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಲೆಕ್ಕದಲ್ಲಿ ಸರ್ಕಾರಕ್ಕೂ ಜನಕ್ಕೂ ಹೊಂದಿಕೆಯಾಗಲಿಲ್ಲ; ಜನ ಹೇಳುವುದು ಮೂವತ್ತಕ್ಕೂ ಮೇಲೆ. ಬಳಿಕ ಸರದಾರ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತನಾಡಿದ ಮೇಲೆ, ಎರಡು ಬಾವುಟಗಳೂ ಜೊತೆಯಲ್ಲಿ ಹಾರಬಹುದೆಂದಾಯಿತು. ಪೆಟ್ಟಿಗೆಯ ಮೇಲೆ ಅವು ಅಕ್ಕಪಕ್ಕ ನಿಂತದ್ದು ಅಷ್ಟು ಬೆಲೆ ತೆತ್ತು. ಚಿತ್ರ ಬರೆದಾತನಿಗೆ ಅದು ಬರಿಯ ಬಣ್ಣದ ಹೊಂದಾಣಿಕೆ.

ಲಾಂಛನವೆಂದರೆ ಗುರುತು, ಚಂದ್ರನ ಮೇಲಿನ ಕಲೆಗೂ ಅದೇ ಹೆಸರು. ಚಂದ್ರನನ್ನು ಬಿಟ್ಟು ಕಲೆಯನ್ನು ಮಾತ್ರ ಕಿತ್ತು ತರಲಾದೀತೇ? (ಪಾಠ ಹೇಳುವವನ ಚಪಲ, ಕ್ಷಮಿಸಿ.)

ಕಾನೂನು ಒಂದು ಮೇರೆಯನ್ನು ಹಾಕಿದೆ. ೧೯೫೦ರ ಲಾಂಛನಗಳ ಕಾಯಿದೆಯಂತೆ ರಾಷ್ಟ್ರಧ್ವಜವನ್ನಾಗಲಿ, ಕೇಂದ್ರದ ಅಥವಾ ಯಾವುದೇ ರಾಜ್ಯದ ಸರ್ಕಾರಿ ಮುದ್ರೆಯನ್ನಾಗಲಿ, ಗಾಂಧೀಜಿಯವರ ಹೆಸರು ಚಿತ್ರಗಳನ್ನಾಗಲಿ ಅನುಮತಿಯಿಲ್ಲದೆ ವ್ಯಾಪಾರಕ್ಕೆ ಬಳಸಕೂಡದು. ಧ್ವಜಸಂಹಿತೆಯು ಬಾವುಟವನ್ನು ದಿಂಬು, ಕರವಸ್ತ್ರಗಳ ಮೇಲೆ ಅಚ್ಚು ಹಾಕುವುದನ್ನೂ ತಡೆಯುತ್ತದೆ. ಆದರೆ ೧೯೩೮ರ ಚರಕದ ಬಾವುಟ ಇಂದಿನ ರಾಷ್ಟ್ರಧ್ವಜವಲ್ಲ. ೧೯೪೭ರ ಜುಲೈ ೨೨ರಂದು ಚರಕದ ಸ್ಥಾನಕ್ಕೆ ಚಕ್ರ ಬಂದಿತು. ಗಂಡಭೇರುಂಡವೋ ಒಡೆಯರಿಗಿಂತಲೂ ಹಳೆಯದು. ಬಳ್ಳಿಗಾವೆಯ ೧೦೪೭ರ ಕಂಬದ ತುದಿಯಲ್ಲಿ ಅದು ಮನುಷ್ಯದೇಹದಲ್ಲಿ ನಿಂತಿದೆ. ಕಾನೂನಿನ ಪುಸ್ತಕ ಇಂತಹ ಕಡೆ ಮೌನವಾಗಿರುತ್ತದೆ. ಅಲ್ಲಿಂದಾಚೆಗೆ ನಮ್ಮ ವಿವೇಕವೇ ಗತಿ.

ಹಾಗೆಂದು ಎಲ್ಲವನ್ನೂ ಮುಟ್ಟಬಾರದೆನ್ನುವವನಲ್ಲ. ತಮ್ಮ ಬಚ್ಚಲಮನೆಯ ಮೈಸೂರು ಸ್ಯಾಂಡಲ್ ಸೋಪಿನ ಮೇಲೆ ಆನೆಯ ತಲೆ, ಸಿಂಹದ ಒಡಲಿನ ಶರಭವಿದೆ. ಅದೂ ರಾಜ್ಯಲಾಂಛನದ ಪ್ರಾಣಿಯೇ. ಆದರೆ ಅದು ಸಂಸ್ಥಾನದ ಸರ್ಕಾರವೇ ಕಟ್ಟಿದ ಕಾರ್ಖಾನೆಯ ಗುರುತು, ಇಂದಿಗೂ ಸರ್ಕಾರದ್ದೇ. ಮನೆಯ ಮಗ ತಂದೆಯ ಉಂಗುರವನ್ನು ತೊಟ್ಟಂತೆ. ೨೦೨೧ರಲ್ಲಿ ವಿದೇಶದ ಜಾಲಪೇಟೆಯಲ್ಲಿ ಕನ್ನಡ ಬಾವುಟದ ಬಣ್ಣ, ರಾಜ್ಯಲಾಂಛನಗಳನ್ನು ಈಜುಡುಗೆಗೆ ಹಾಕಿ ಮಾರಹೊರಟಾಗ ನಾಡು ಸಿಟ್ಟಾದುದೂ ಇದೇ ಕಾರಣಕ್ಕೆ: ಉಂಗುರ ಯಾರ ಕೈಯಿಂದಲೋ ಯಾರ ಬೆರಳಿಗೋ ಹೋಯಿತು.

ಅಂಗಡಿಯವರಿಗೆ ವಿದುರಾಶ್ವತ್ಥದ ಕಥೆ ಹೇಳಿದೆನು. ಪೆಟ್ಟಿಗೆಯೊಳಗೆ ಒಂದು ಚೀಟಿ, ಇಸವಿಯೂ ಊರೂ ಅಚ್ಚಾಗಿದ್ದರೆ ನಾನೇ ಕೊಳ್ಳುತ್ತಿದ್ದೆನೆಂದೆ. ಅವರು ಧೂಳೊರೆಸುವುದನ್ನು ನಿಲ್ಲಿಸಿ ಪೆಟ್ಟಿಗೆಯನ್ನು ತಿರುಗಿಸುತ್ತ, ‘ಹಾಗಾದರೆ ಮೇಷ್ಟ್ರೇ, ರಸ್ತೆಯ ಕಡೆಗೆ ಯಾವ ಮಗ್ಗುಲನ್ನು ಇಡಲಿ?’ ಎಂದರು.