ಬಳ್ಳಿ ಕೊಡದ್ದನ್ನು ಬೂಷ್ಟು ಕೊಟ್ಟಿತು

ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವುದು) ಮುಗಿದು ಚಿಗುರು ಒಡೆಯುವ ಹೊತ್ತಿಗೆ ಮಳೆ ಹಿಡಿಯಿತೆಂದರೆ ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರದ ದ್ರಾಕ್ಷಿ ಬೆಳೆಗಾರರಿಗೆ ನಿದ್ದೆಯಿಲ್ಲ. ಡೌನಿ ರೋಗ ಬಿದ್ದರೆ ಗೊನೆಯೇ ಕೈಬಿಟ್ಟಂತೆ. ಅವರು ಔಷಧಿ ಹೊಡೆಯುತ್ತಾರೆ, ಬಳ್ಳಿಯೂ ಸುಮ್ಮನಿರುವುದಿಲ್ಲ. ರೋಗ ತಗುಲಿದಲ್ಲಿ ರೆಸ್ವೆರಾಟ್ರಾಲ್ ಎಂಬ ವಸ್ತು ತಯಾರಿಸಿ ಎದುರು ನಿಲ್ಲುತ್ತದೆ. ಹಣ್ಣಿನಲ್ಲಿ ಅದು ಇರುವುದು ಸಿಪ್ಪೆಯಲ್ಲಿ.

1990ರ ದಶಕದಲ್ಲಿ ಹೃದಯರಕ್ಷಕ ಎಂದು ಹೆಸರಾದದ್ದು ಇದೇ ವಸ್ತು. ಬೆಣ್ಣೆ, ಚೀಸ್ ಧಾರಾಳವಾಗಿ ತಿನ್ನುವ ಫ್ರೆಂಚರನ್ನು ಕೆಂಪು ವೈನ್ ಕಾಯುತ್ತಿದೆ ಎಂಬ ವಾದ ಹಬ್ಬಿತು, ಮಾತ್ರೆಗಳೂ ಮಾರಾಟಕ್ಕೆ ಬಂದವು. ಆದರೆ ಒಂದು ಲೀಟರ್ ವೈನ್‌ನಲ್ಲಿ ಸಿಗುವುದು ಕೆಲವೇ ಮಿಲಿಗ್ರಾಂ. ಇಟಲಿಯ ಕಿಯಾಂಟಿಯಲ್ಲಿ 783 ಹಿರಿಯರ ಮೂತ್ರದಲ್ಲಿ ಇದರ ಅಂಶ ಅಳೆದು ಒಂಬತ್ತು ವರ್ಷ ಗಮನಿಸಿದರು. 2014ರಲ್ಲಿ ಬಂದ ಫಲಿತಾಂಶ: ಹೆಚ್ಚಿದ್ದವರಿಗೆ ಹೃದ್ರೋಗವೂ ಕಡಿಮೆಯಿಲ್ಲ, ಸಾವೂ ಕಡಿಮೆಯಿಲ್ಲ.

ತಮಾಷೆಯೆಂದರೆ, ಕೆಲಸಕ್ಕೆ ಬಂದ ಔಷಧ ಸಿಕ್ಕಿದ್ದು ಬಳ್ಳಿಯ ಶತ್ರುಪಾಳಯವಾದ ಬೂಷ್ಟುಗಳಲ್ಲಿ. ಬೂಷ್ಟುಗಳೂ ತಮ್ಮೊಳಗೆ ಜಗಳವಾಡುತ್ತವೆ. ಎದುರಾಳಿಯ ಜೀವಕೋಶಕ್ಕೆ ಬೇಕಾದ ಕೊಬ್ಬಿನಂಥ ವಸ್ತು ತಯಾರಾಗದಂತೆ ತಡೆಯುವ ವಿಷ ಯಾವುದಾದರೊಂದರಲ್ಲಿ ಇರಲೇಬೇಕು ಎಂದು ಜಪಾನಿನ ಅಕಿರಾ ಎಂಡೋ ಊಹಿಸಿದರು. 1971ರಿಂದ ಸುಮಾರು 6,000 ಬಗೆ ಸೋಸಿದ ಮೇಲೆ, ಕ್ಯೋಟೋದ ಧಾನ್ಯದಂಗಡಿಯ ಅಕ್ಕಿಯಲ್ಲಿ ಸಿಕ್ಕಿದ್ದ ನೀಲಿ-ಹಸಿರು ಬೂಷ್ಟಿನಲ್ಲಿ ಅದು ದೊರೆಯಿತು. ಇಂದಿನ ಸ್ಟ್ಯಾಟಿನ್ ಮಾತ್ರೆಗಳಿಗೆ ಅದೇ ಮೂಲ.

ಸ್ಟ್ಯಾಟಿನ್ ನಮ್ಮ ಯಕೃತ್ತಿನಲ್ಲಿ ಕೊಲೆಸ್ಟರಾಲ್ ತಯಾರಿಸುವ ಕಿಣ್ವಕ್ಕೆ ಅಡ್ಡ ಕೂರುತ್ತದೆ. ಕೊರತೆ ಬಿದ್ದ ಯಕೃತ್ತಿನ ಕೋಶಗಳು ತಮ್ಮ ಮೈಮೇಲೆ ಹೆಚ್ಚು ಗ್ರಾಹಕಗಳನ್ನು ಮೂಡಿಸಿಕೊಂಡು ರಕ್ತದಲ್ಲಿರುವ ಕೆಟ್ಟ ಕೊಲೆಸ್ಟರಾಲನ್ನು ಒಳಗೆಳೆದುಕೊಳ್ಳುತ್ತವೆ. ಹೃದಯದ ರಕ್ತನಾಳದಲ್ಲಿ ಜಿಡ್ಡು ಕಟ್ಟುವುದು ತಗ್ಗುತ್ತದೆ. 1994ರಲ್ಲಿ ಸ್ಕ್ಯಾಂಡಿನೇವಿಯಾದ 4,444 ಹೃದ್ರೋಗಿಗಳ ಪ್ರಯೋಗದಲ್ಲಿ ಸಾವು ಶೇ 30ರಷ್ಟು ಇಳಿಯಿತು. ಇಂಥ ಲೆಕ್ಕ ದ್ರಾಕ್ಷಿಯ ಹೆಸರಿನಲ್ಲಿ ಇಂದಿಗೂ ಇಲ್ಲ.

ಹಾಗೆಂದು ವಿಜಯಪುರದ ಮಣೂಕವನ್ನು (ಒಣದ್ರಾಕ್ಷಿ) ಹಳಿಯಬೇಕಿಲ್ಲ. ಅದರಲ್ಲಿ ಪೊಟ್ಯಾಸಿಯಂ ಇದೆ, ನಾರಿದೆ. ತೂಕದ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೂ ಇದೆ, ಸಕ್ಕರೆ ಕಾಯಿಲೆಯವರು ಇದನ್ನು ಮರೆಯಬಾರದು. ವೈದ್ಯರು ಸ್ಟ್ಯಾಟಿನ್ ಬರೆದುಕೊಟ್ಟಿದ್ದರೆ, ಮಣೂಕ ತಿನ್ನುತ್ತೇನಲ್ಲ ಎಂದು ಮಾತ್ರೆ ನಿಲ್ಲಿಸಬೇಡಿ. ಮಾಂಸಖಂಡದ ನೋವು ಬಂದರೆ ಅವರಿಗೇ ಹೇಳಿ. ಪ್ರಮಾಣ ಇಳಿಸಲು, ಮಾತ್ರೆ ಬದಲಿಸಲು ದಾರಿಯಿದೆ.